ಬಾಲಣ್ಣನ 20 ಎಕರೆ

ಅಭಿಮಾನ್ ಸ್ಟುಡಿಯೋ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ವಿಷ್ಣು ದಾದಾ ಸಮಾಧಿ. 2025ರ ಆಗಸ್ಟ್‌ನಲ್ಲಿ ಅದನ್ನ ಕೆಡವಿದಾಗ ಎಲ್ಲರ ಸ್ಟೋರಿಯಲ್ಲೂ ಅದೇ ಇತ್ತು. ನೀವೂ ಹಾಕಿರ್ತೀರಿ. ಆದ್ರೆ ಆ ಸ್ಟುಡಿಯೋ ಕಟ್ಟಿದ್ದು ಯಾರು ಅಂತ ಕೇಳಿದ್ರೆ ನಮ್ಮ ವಯಸ್ಸಿನವರಲ್ಲಿ ಮುಕ್ಕಾಲು ಪಾಲು ಜನ ಮುಖ ಮುಖ ನೋಡ್ಕೋತೀವಿ. ಈ ಸಲದ ಕಂತು ಅವರ ಬಗ್ಗೆ.

ಮೊದಲ ಸ್ಲೈಡ್‌ನಲ್ಲಿರೋ ಮುಖ ನೋಡಿ. ಹೆಸರು ಗೊತ್ತಿಲ್ದೇ ಇದ್ರೂ ಮುಖ ಗೊತ್ತಿರುತ್ತೆ. ಟಿ.ಎನ್. ಬಾಲಕೃಷ್ಣ. ಎಲ್ಲರ ಬಾಯಲ್ಲೂ ಬಾಲಣ್ಣ.

ಹಿಂದಿನ ಕಂತುಗಳಲ್ಲಿ ‘ನಾ ನಿನ್ನ ಬಿಡಲಾರೆ’ ಥರದ ದೆವ್ವದ ಪಿಕ್ಚರ್‌ಗಳ ಬಗ್ಗೆ ಮಾತಾಡಿದ್ವಿ. ಬಾಲಣ್ಣ ಹುಟ್ಟಿಸುತ್ತಿದ್ದ ಭಯ ಬೇರೆ ಥರದ್ದು. ದೆವ್ವವನ್ನ ಥಿಯೇಟರ್‌ನಲ್ಲೇ ಬಿಟ್ಟು ಬರಬಹುದು. ಆದ್ರೆ ನಗ್ತಾ ನಗ್ತಾ ಹೆಬ್ಬೆಟ್ಟು ಒತ್ತಿಸ್ಕೊಳ್ಳೋ ಸಾಹುಕಾರ, ಅಣ್ಣತಮ್ಮಂದಿರ ನಡುವೆ ಹುಳಿ ಹಿಂಡೋ ದೂರದ ನೆಂಟ ನಿಮ್ಮ ಬೀದಿಯಲ್ಲೇ ಇರ್ತಾನೆ. ಅಂಥವನನ್ನ ಬಾಲಣ್ಣ ತೆರೆ ಮೇಲೆ ತಂದು ನಿಲ್ಲಿಸ್ತಿದ್ರು. ಅಜ್ಜಿಯರು ‘ಇವನ ಮನೆ ಹಾಳಾಗ’ ಅಂತ ನೆಟಿಕೆ ಮುರೀತಿದ್ರು. ಹಾಗಂತ ಅವರು ಬರೀ ಖಳ ಅಲ್ಲ. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನೂ ಅವರೇ. ಅಷ್ಟು ಒಳ್ಳೆಯ ಮನುಷ್ಯನ ಪಾತ್ರವನ್ನೂ ಅದೇ ಮುಖದಲ್ಲಿ ಮಾಡಿದ್ರು.

ಈಗ ಒಂದು ವಿಷಯ ಹೇಳ್ತೀನಿ, ಸ್ವಲ್ಪ ನಿಲ್ಲಿ. ಅವರಿಗೆ ಸರಿಯಾಗಿ ಕಿವಿ ಕೇಳಿಸ್ತಿರಲಿಲ್ಲ. ಎದುರಿಗಿರೋರ ತುಟಿ ನೋಡ್ಕೊಂಡು, ಅವರ ಮಾತು ಎಲ್ಲಿ ಮುಗಿಯುತ್ತೆ ಅಂತ ಲೆಕ್ಕ ಹಾಕ್ಕೊಂಡು ತಮ್ಮ ಡೈಲಾಗ್ ಹೇಳ್ತಿದ್ರು. 1943ರ ‘ರಾಧಾರಮಣ’ದಿಂದ ಶುರುಮಾಡಿ 500ಕ್ಕೂ ಹೆಚ್ಚು ಚಿತ್ರ. ಈಗ ಅವರ ಯಾವುದಾದ್ರೂ ಹಳೇ ಕಾಮಿಡಿ ಸೀನ್ ಹಾಕ್ಕೊಂಡು ಟೈಮಿಂಗ್ ನೋಡಿ. ಒಂದು ಕ್ಷಣ ಆ ಕಡೆ ಈ ಕಡೆ ಇಲ್ಲ.

ಇವರು ಸ್ಟುಡಿಯೋ ಕಟ್ಟೋಕೆ ಯಾಕೆ ಹೊರಟ್ರು? ಆ ಕಾಲ ಹೇಗಿತ್ತು ಅಂತ ಸ್ವಲ್ಪ ಗೊತ್ತಿರಬೇಕು. ಕನ್ನಡ ಚಿತ್ರ ಅಂದ್ರೆ ಮದ್ರಾಸಿಗೆ ಗಂಟುಮೂಟೆ ಕಟ್ಟಬೇಕು. ಮೈಸೂರಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು ನಿಜ, ಆದ್ರೂ ಲ್ಯಾಬು, ರೆಕಾರ್ಡಿಂಗು ಅಂತ ಕೊನೆಗೆ ಮದ್ರಾಸೇ ಗತಿ. ಅಲ್ಲಿ ಫ್ಲೋರ್ ಖಾಲಿ ಇದ್ರೆ ನಿಮ್ಮ ಶೂಟಿಂಗು, ಇಲ್ದಿದ್ರೆ ಕಾಯಬೇಕು. ಕೆಲಸ ಇಲ್ಲದ ದಿನಗಳಲ್ಲಿ ಹೊಟ್ಟೆಪಾಡಿಗಾಗಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಾಲಣ್ಣ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ತಿರುಗಿ ನಾಟಕ ಆಡಿದ್ರು. ಅದೇ ಸಂಘದಿಂದ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದ್ರು. ನಟರೇ ಸೇರಿ ಮಾಡಿದ ಚಿತ್ರ. ಚಿತ್ರ ನಮ್ಮದಾಯ್ತು, ಶೂಟಿಂಗ್ ಜಾಗ ಮಾತ್ರ ನಮ್ಮದಲ್ಲ. ಆ ಕೊರತೆ ಬಾಲಣ್ಣನ ತಲೆಯಲ್ಲಿ ಹುಳದ ಥರ ಕೊರೀತಾ ಇತ್ತು.

1960ರ ದಶಕದ ಕೊನೆಗೆ ಕೆಂಗೇರಿ ಹತ್ತಿರ ಮೈಲಸಂದ್ರದಲ್ಲಿ ಸರ್ಕಾರ ಅವರಿಗೆ 20 ಎಕರೆ ಜಾಗ ಕೊಡ್ತು. ಸ್ಟುಡಿಯೋಗೇ ಬಳಸಬೇಕು ಅನ್ನೋದು ಷರತ್ತು. ಈಗ ಮೆಟ್ರೋದಲ್ಲಿ ಹೋಗ್ತೀವಿ, ಆಗ ಕೆಂಗೇರಿ ಅಂದ್ರೆ ಊರಾಚೆ. ದುಡಿದ ದುಡ್ಡನ್ನೆಲ್ಲ ತಂದು ಅಲ್ಲಿ ಸುರಿದ್ರು. ಹೆಸರು ಅಭಿಮಾನ್.

ಯೋಚನೆ ಮಾಡಿ: ಕಿವಿ ಕೇಳದ ಮನುಷ್ಯ ಬೇರೆಯವರ ಮಾತು, ಹಾಡು ದಾಖಲಾಗಲಿ ಅಂತ ಒಂದು ಜಾಗ ಕಟ್ತಾರೆ.

ಸ್ಟುಡಿಯೋ ಲೆಕ್ಕ ನಾವು ಅಂದ್ಕೊಂಡಷ್ಟು ಸುಲಭ ಅಲ್ಲ. ಶೂಟಿಂಗ್ ಇದ್ದ ದಿನ ಮಾತ್ರ ಬಾಡಿಗೆ ಬರುತ್ತೆ. ಆದ್ರೆ ವಾಚ್‌ಮ್ಯಾನ್ ಸಂಬಳ, ಕರೆಂಟು, ರಿಪೇರಿ, ಸಾಲದ ಬಡ್ಡಿ ಇವೆಲ್ಲ ದಿನಾ ಇರುತ್ತೆ. ಅದೇ ಹೊತ್ತಿಗೆ ನಮ್ಮ ಚಿತ್ರಗಳ ಸ್ಟೈಲ್ ಬದಲಾಯ್ತು. ಪುಟ್ಟಣ್ಣ ಕಣಗಾಲ್ ಅಂಥವರು ಕ್ಯಾಮೆರಾನ ಬೆಟ್ಟ, ಕೋಟೆ, ಮಲೆನಾಡಿಗೆ ಹೊತ್ಕೊಂಡು ಹೋದ್ರು. ಸೆಟ್ ಬದಲು ನಿಜವಾದ ಮನೆಗಳು ಬಂದ್ವು. ಚಿತ್ರಕ್ಕೆ ಅದು ಒಳ್ಳೇದೇ ಆಯ್ತು, ಸ್ಟುಡಿಯೋ ಮಾಲೀಕನಿಗೆ ಮಾತ್ರ ಅಲ್ಲ. ತೆರೆ ಮೇಲೆ ಬೇರೆಯವರ ಜಮೀನು ನುಂಗಿದ ಬಾಲಣ್ಣನನ್ನ ನಿಜ ಜೀವನದಲ್ಲಿ ಜಮೀನೇ ನುಂಗ್ತಾ ಬಂತು. ವಯಸ್ಸಾದ ಮೇಲೂ ಬಣ್ಣ ಹಚ್ತಾನೇ ಇದ್ರು. 1995ರಲ್ಲಿ ತೀರಿಕೊಂಡ್ರು.

ನಮ್ಮ ಮತ್ತಿಕೆರೆಯಿಂದ ಯಶವಂತಪುರ ದಾಟಿ ಸ್ವಲ್ಪ ಮುಂದೆ ಹೋದ್ರೆ ಕಂಠೀರವ ಸ್ಟುಡಿಯೋ. 1966ರದ್ದು, ಸರ್ಕಾರದ್ದು. ಅಣ್ಣಾವ್ರು, ಅಂಬರೀಶ್, ಅಪ್ಪು ಅಲ್ಲಿದ್ದಾರೆ. ನಾವೆಲ್ಲ ಹೂವು ತಗೊಂಡು ಹೋಗಿದ್ದೀವಿ. ಅದು ಸರ್ಕಾರದ ಕೈಲಿದೆ, ಹಾಗಾಗಿ ಉಳ್ಕೊಂಡಿದೆ. ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ನಟ ಒಂಟಿಯಾಗಿ ಎಳೆದ ತೇರು ಅಭಿಮಾನ್. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಆಗಿದ್ದು ಅಲ್ಲೇ. ಆಮೇಲಿಂದ ಜಾಗದ ತಕರಾರು, ಕೋರ್ಟು, ಪ್ರತಿಭಟನೆ. ಎರಡೂ ಸ್ಟುಡಿಯೋಗಳು ನಮಗೀಗ ಸಮಾಧಿಗಳಿಂದಲೇ ಗುರುತು. ಅಲ್ಲಿ ಲೈಟ್ ಹೊತ್ತವರು, ಸೆಟ್ ಹಾಕಿದ ಬಡಗಿಗಳು, ಟೀ ಕೊಟ್ಟ ಹುಡುಗರು ಯಾರ ಲೆಕ್ಕದಲ್ಲೂ ಇಲ್ಲ. ಅವರಿಗೆ ಮದ್ರಾಸಿಗೆ ಹೋಗದೆ ಇಲ್ಲೇ ಕೂಲಿ ಸಿಗಲಿ ಅಂತಾನೇ ತಾನೇ ಸ್ಟುಡಿಯೋ ಬೇಕಾಗಿದ್ದು?

ದಾದಾ ಸಮಾಧಿ ಒಡೆದಿದ್ದಕ್ಕೆ ನಿಮಗೆ ಸಿಟ್ಟು ಬಂತಲ್ಲ, ಸರಿಯಾಗೇ ಬಂತು. ಆ ಸಿಟ್ಟಿನಲ್ಲಿ ಒಂದು ಚೂರು ಬಾಲಣ್ಣನಿಗೂ ಇಡಿ ಅಂತ ನನ್ನ ಕೋರಿಕೆ. ಸಮಾಧಿ ಹೋಗಿದ್ದು ಒಂದೇ ರಾತ್ರೀಲಿ. ಆ ಸ್ಟುಡಿಯೋ ನಮ್ಮ ನೆನಪಿನಿಂದ ಹೋಗಿದ್ದು 30 ವರ್ಷದಲ್ಲಿ, ಒಂದು ಚೂರೂ ಸದ್ದಿಲ್ಲದೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜಿನೋ ತಾತನ್ನೋ ಕೇಳಿ, ಬಾಲಣ್ಣನ ಯಾವ ಪಾತ್ರ ನೋಡಿ ಅತೀ ಹೆಚ್ಚು ಬೈದಿದ್ರಿ ಅಂತ. ಅವರು ಹೇಳಿದ್ದನ್ನ ಕೆಳಗೆ ಬರೀರಿ. ಬೈಗುಳದ ಸಮೇತ ಬರೆದ್ರೂ ಪರವಾಗಿಲ್ಲ. ಬಾಲಣ್ಣನಿಗೆ ಅದೇ ಚಪ್ಪಾಳೆ.