ಸದ್ದು ಗಂಟಲಲ್ಲಿ, ಮದ್ದು ಬಾಚಣಿಗೆಯಲ್ಲಿ

ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ. ಬೆಂಗಳೂರಿನ ಜಯನಗರದ ಮನೆಯಲ್ಲಿ ಸೆಕೆ ತಾಳದೆ ಕಿಟಕಿ ತೆರೆದಿಟ್ಟು ಮಲಗಿದ್ದೀರಿ. ಹಾಲ್ ಕಡೆಯಿಂದ ಸದ್ದು ಬರುತ್ತದೆ: ಹ್ಯಾಕ್... ಹ್ಯಾಕ್... ಹ್ಯಾಕ್. ಎದ್ದು ದೀಪ ಹಾಕುತ್ತೀರಿ. ಮನೆಯ ಪರ್ಷಿಯನ್ ಬೆಕ್ಕು ಮಿಂಚು ಮೈ ಕುಗ್ಗಿಸಿ, ಕತ್ತು ಚಾಚಿ ನಿಂತಿದೆ. ಹೊಟ್ಟೆ ಜಗ್ಗಿ ಒಳಕ್ಕೆ ಹೋಗುತ್ತದೆ, ಸಡಿಲಾಗುತ್ತದೆ, ಮತ್ತೆ ಜಗ್ಗುತ್ತದೆ. ಒಂದೊಂದು ಓಕರಿಕೆಗೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದೆ. ಹಾಲ್ ತುಂಬ ಒರೆಸಲು ಸುಲಭವಾದ ಮೊಸಾಯಿಕ್ ನೆಲವಿದೆ. ಆದರೆ ಸವಾರಿ ಹೊರಟಿರುವುದು ಜಮಖಾನದ ಕಡೆಗೇ.

ಎತ್ತಿಕೊಳ್ಳಲು ಹೋಗಬೇಡಿ. ಬಾಯಿಗೆ ಬೆರಳು ಹಾಕಬೇಡಿ, ಬೆನ್ನಿಗೆ ತಟ್ಟಬೇಡಿ. ಜಮಖಾನವನ್ನು ಮೆಲ್ಲಗೆ ಎಳೆದುಕೊಂಡು ಅಲ್ಲಿಗೊಂದು ಹಳೇ ಪೇಪರ್ ಸರಿಸಿ, ಸುಮ್ಮನೆ ಕೂತುಬಿಡಿ. ಇನ್ನೆರಡು ಸಲ ಹೊಟ್ಟೆ ಜಗ್ಗುತ್ತದೆ, ಪೇಪರಿನ ಮೇಲೆ ಏನೋ ಪಚಕ್ಕನೆ ಬೀಳುತ್ತದೆ. ಮಿಂಚು ಅದನ್ನೊಮ್ಮೆ ಮೂಸಿ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬ ಠೀವಿಯಲ್ಲಿ ಊಟದ ಬಟ್ಟಲಿನತ್ತ ನಡೆಯುತ್ತದೆ.

ಈಗ ಅಸಹ್ಯ ಪಟ್ಟುಕೊಳ್ಳದೆ ಬಗ್ಗಿ ನೋಡಿ. ಹೇರ್‌ಬಾಲ್ ಎನ್ನುತ್ತಾರೆ, ಆದರೆ ಪೇಪರಿನ ಮೇಲಿರುವುದು ಚೆಂಡಲ್ಲ. ಎಣ್ಣೆಯಲ್ಲಿ ಅದ್ದಿದ ದೀಪದ ಬತ್ತಿಯಂತೆ ಉದ್ದಕ್ಕಿದೆ. ಇಕ್ಕಟ್ಟಾದ ಅನ್ನನಾಳದಲ್ಲಿ ಹಿಂಡಿಸಿಕೊಂಡು ಬರುವಾಗ ಬಂದ ಆಕಾರ ಅದು. ಊದಿನಕಡ್ಡಿಯಿಂದ ಬಿಡಿಸಿದರೆ ಒಳಗೆ ಹಳದಿ ಲೋಳೆ ಮೆತ್ತಿದ ಕೂದಲಷ್ಟೇ. ದಾರ, ರಿಬ್ಬನ್, ರಕ್ತ ಏನೂ ಇಲ್ಲ, ಸದ್ಯ. ದಾರವೇನಾದರೂ ಬೆಕ್ಕಿನ ಬಾಯಿಂದಲೋ ಹಿಂಬದಿಯಿಂದಲೋ ನೇತಾಡುತ್ತಿದ್ದರೆ ಎಳೆಯಲೇಬಾರದು. ಅದು ಕರುಳನ್ನು ಸೀಳಬಲ್ಲದು. ನೇರ ಆಸ್ಪತ್ರೆಗೆ ಓಡಬೇಕು.

ಬೆಳಕು ಹರಿಯುತ್ತದೆ. ಮಿಂಚು ಕಿಟಕಿಕಟ್ಟೆಯ ಬಿಸಿಲಿಗೆ ಮೈಯೊಡ್ಡಿ ತೊಡೆ ನೆಕ್ಕಲು ಶುರುಮಾಡಿದೆ. ಹತ್ತಿರ ಕೂತರೆ ಕರಕರ ಸದ್ದು ಕೇಳುತ್ತದೆ. ನಾಲಿಗೆಯ ತುಂಬ ಗಂಟಲ ಕಡೆಗೆ ಬಾಗಿದ ಸಣ್ಣ ಕೊಕ್ಕೆಗಳಿವೆ, ಉಗುರಿನ ವಸ್ತುವಾದ ಕೆರಾಟಿನ್‌ನಿಂದಲೇ ಆದವು. ಕೊಕ್ಕೆಯ ತುದಿ ಟೊಳ್ಳು, ಅದು ಜೊಲ್ಲನ್ನು ಹೀರಿಕೊಂಡು ತುಪ್ಪಳದ ಬುಡಕ್ಕೆ ಮುಟ್ಟಿಸುತ್ತದೆ ಎಂದು ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ತೋರಿಸಿದರು. ಸ್ನಾನಕ್ಕೆ ಸೊಗಸಾದ ಏರ್ಪಾಡು. ಆದರೆ ಕೊಕ್ಕೆಗೆ ಸಿಕ್ಕ ಕೂದಲನ್ನು ಉಗಿಯುವ ಉಪಾಯವಿಲ್ಲ, ನುಂಗಲೇಬೇಕು. ಕೂದಲು ಅರಗುವುದಿಲ್ಲ. ಬಹುಪಾಲು ಮಲದ ಜೊತೆ ಹೋಗಿಬಿಡುತ್ತದೆ. ಹೊಟ್ಟೆ ಖಾಲಿಯಾದಾಗ ಉಳಿದದ್ದನ್ನು ಗುಡಿಸಿ ಮುಂದೆ ಸಾಗಿಸುವ ಜೋರಾದ ಅಲೆ ನಾಯಿಯಲ್ಲಿದೆ; ಬೆಕ್ಕಿನಲ್ಲಿ ಅಷ್ಟು ಜೋರಿಲ್ಲ. ಉಳಿದ ಕೂದಲು ಜಠರದಲ್ಲೇ ಹೊಸೆದುಕೊಳ್ಳುತ್ತದೆ.

ಅಪರೂಪಕ್ಕೊಮ್ಮೆ ಹೀಗಾದರೆ ಚಿಂತೆಯಿಲ್ಲ. ಆದರೆ ಮಿಂಚುವಿಗೆ ಈಚೆಗೆ ಪದೇಪದೇ ಆಗುತ್ತಿದೆ. ಹತ್ತು ಗಂಟೆಗೆ ಬುಟ್ಟಿ ಹಿಡಿದು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದೀರಿ. ಪಕ್ಕದಲ್ಲಿ ಒಂದು ಬೂದು ಬೆಕ್ಕು ಹೊಟ್ಟೆಯನ್ನು ನೆಲಕ್ಕೊತ್ತಿ, ಕತ್ತು ನೀಡಿ ಕೆಮ್ಮುತ್ತಿದೆ. ಕೊನೆಗೂ ಏನೂ ಬೀಳುವುದಿಲ್ಲ. ಮನೆಯವರು ಅದನ್ನೂ ಕೂದಲುಂಡೆ ಎಂದುಕೊಂಡಿದ್ದಾರೆ. ಡಾಕ್ಟರಿಗೆ ಅನುಮಾನ ಬೇರೆಯೇ: ಆಸ್ತಮಾ ಇರಬಹುದು, ಎಕ್ಸ್‌ರೇ ತೆಗೆಯೋಣ ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ಮನೆಯವರ ವರ್ಣನೆಗಿಂತ ಮೊಬೈಲಿನ ವಿಡಿಯೊ ಹೆಚ್ಚು ಹೇಳುತ್ತದೆ.

ನಿಮ್ಮ ಸರದಿ. ಡಾಕ್ಟರು ಮಿಂಚುವಿನ ಗಂಟಲು ನೋಡುವ ಬದಲು ಬಾಲದ ಬುಡದಲ್ಲಿ ತುಪ್ಪಳ ಬಿಡಿಸುತ್ತಾರೆ. ಕರಿ ಪುಡಿಯಂಥದ್ದು ಕಾಣುತ್ತದೆ. ಒದ್ದೆ ಹತ್ತಿಯ ಮೇಲೆ ಉದುರಿಸಿದರೆ ಕೆಂಪಗೆ ಹರಡಿಕೊಳ್ಳುತ್ತದೆ. ಅರಗಿದ ರಕ್ತ, ಅಂದರೆ ಚಿಗಟದ ಹಿಕ್ಕೆ! ಕಡಿತಕ್ಕೆ ನೆಕ್ಕಾಟ ಹೆಚ್ಚಿದೆ, ನೆಕ್ಕಾಟಕ್ಕೆ ಕೂದಲು ಹೊಟ್ಟೆ ಸೇರಿದೆ. ಬೆಕ್ಕಿಗೆಂದೇ ಇರುವ ಚಿಗಟದ ಔಷಧಿ ಬರೆಯುತ್ತಾ, ನಾಯಿಯದನ್ನು ಹಾಕಬೇಡಿ ಎಂದು ಒತ್ತಿ ಹೇಳುತ್ತಾರೆ; ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಕುತ್ತು. ಕೂದಲುಂಡೆಗೆಂದು ಕೊಡುವ ಮಾಲ್ಟ್ ಪೇಸ್ಟನ್ನು ಮುಂಗಾಲಿಗೆ ಸವರಿದರೆ ತಾನೇ ನೆಕ್ಕಿಕೊಳ್ಳುತ್ತದೆ. ಅದರ ಬದಲು ಲಿಕ್ವಿಡ್ ಪ್ಯಾರಾಫಿನ್ ಅನ್ನು ಸಿರಿಂಜಿನಲ್ಲಿ ಬಲವಂತವಾಗಿ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಊಟ ಬಿಟ್ಟು, ಮೇಲಿಂದ ಮೇಲೆ ವಾಂತಿಯಾಗಿ, ಮಲ ನಿಂತರೆ ಕರುಳು ಕಟ್ಟಿಕೊಂಡಿರಬಹುದು. ಮಾರನೇ ದಿನಕ್ಕೆ ಕಾಯುವಂತಿಲ್ಲ.

ಸಂಜೆ, ನಿಮ್ಮ ಕೈಯಲ್ಲಿ ಸ್ಟೀಲ್ ಬಾಚಣಿಗೆ. ಮೊದಲು ಕೆನ್ನೆ, ಗದ್ದ. ಅಲ್ಲಿ ಬಾಚಿದರೆ ಮಿಂಚು ಕಣ್ಣು ಮುಚ್ಚುತ್ತದೆ. ಆಮೇಲೆ ಬೆನ್ನು. ಕಂಕುಳು, ಹೊಟ್ಟೆ ಕೊನೆಗೆ, ಅದೂ ಒಂದೆರಡು ಎಳೆತ ಮಾತ್ರ. ಸಿಕ್ಕು ಸಿಕ್ಕಿದರೆ ಬುಡವನ್ನು ಬೆರಳಲ್ಲಿ ಹಿಡಿದು ತುದಿಯಿಂದ ಬಿಡಿಸಿ. ಕತ್ತರಿ ಬೇಡ, ತೆಳು ಚರ್ಮ ಸಿಕ್ಕಿನ ಜೊತೆಗೇ ಎದ್ದು ಬರುತ್ತದೆ. ಬಾಲ ನೆಲಕ್ಕೆ ಬಡಿಯತೊಡಗಿತೋ, ಇವತ್ತಿಗೆ ಸಾಕು. ನಾಳೆಯೂ ಇದೇ ಹೊತ್ತು, ಇದೇ ಬಾಚಣಿಗೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಪೇಪರಿನ ಮೇಲೆ ರಾಶಿಬಿದ್ದ ಬಿಳಿ ಕೂದಲು ನೋಡುತ್ತಾರೆ. "ಇಷ್ಟೂ ಅದರ ಹೊಟ್ಟೆಗೆ ಹೋಗ್ತಿತ್ತಾ?"

"ಹ್ಞೂಂ ಅಜ್ಜಿ."

"ಹಾಗಾದ್ರೆ ನಾಳೆಯಿಂದ ಬಾಚಣಿಗೆ ನನ್ನ ಕೈಗೆ ಕೊಡು. ನಿಂಗೆ ಜಡೆ ಹಾಕಿದ ಕೈ ಇದು."