ಮೂಕಜೀವಿಯ ಸ್ನಾನ

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಲ್ಹಾಸಾ ಅಪ್ಸೊ ಜಾತಿಯ ನಾಯಿಯೊಂದಿದೆ. ಈ ಜಾತಿಯ ಮೂಲನೆಲೆ ಟಿಬೆಟ್. ಅಲ್ಲಿಯ ಕೊರೆಯುವ ಚಳಿಗೆ ಕವಚವಾಗಿದ್ದ ನೀಳವಾದ ರೋಮವು ಇಲ್ಲಿ ಅದಕ್ಕೊಂದು ಹೊರೆ. ಅದನ್ನು ಇಲ್ಲಿಗೆ ತಂದವರು ಮನುಷ್ಯರು. ಆದಕಾರಣ ಆರೈಕೆಯ ಋಣವೂ ಮನುಷ್ಯರದೇ.

ಸ್ನಾನಕ್ಕೆ ಮೊದಲೇ ರೋಮವನ್ನು ಬಾಚಿ ಸಿಕ್ಕು ಬಿಡಿಸಬೇಕು. ನೆನೆದರೆ ಗಂಟು ಮತ್ತಷ್ಟು ಬಿಗಿಯುತ್ತದೆ. ನಾಯಿಯ ಚರ್ಮ ನಮ್ಮ ಚರ್ಮದಷ್ಟು ಆಮ್ಲೀಯವಲ್ಲ. ಆದ್ದರಿಂದ ನಮ್ಮ ಶಾಂಪೂ ಅದಕ್ಕೆ ಒಗ್ಗದು. ನೀರು ಉಗುರುಬೆಚ್ಚಗಿರಬೇಕು, ಕಿವಿಯೊಳಗೆ ಹೋಗಬಾರದು. ನೊರೆ ಉಳಿದರೆ ತುರಿಕೆ. ಬುಡದಲ್ಲಿ ತೇವ ಉಳಿದರೆ ಚರ್ಮರೋಗ.

ನೀರನ್ನು ಕೊಳವೆಯಿಂದ ಹರಿಯಬಿಡದೆ ಚೊಂಬಿನಲ್ಲಿ ಹುಯ್ಯುವುದು ಲೇಸು. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಯಂತ್ರಗಳ ಬಲದಿಂದ ಮೇಲೇರಿ ಬರುತ್ತದೆ. 2024ರ ಬೇಸಿಗೆಯಲ್ಲಿ ಇದೇ ನಗರವು ಕೊಡ ನೀರಿಗೂ ಪರದಾಡಿತು.

ನೋವನ್ನು ಹೇಳಿಕೊಳ್ಳಲು ನಾಯಿಗೆ ಮಾತಿಲ್ಲ. ಬಾಚಣಿಗೆ ಸಿಕ್ಕಿನಲ್ಲಿ ತಡೆದಾಗ ಅದು ಒಮ್ಮೆ ತಲೆ ತಿರುಗಿಸಿ ನಮ್ಮನ್ನು ನೋಡುತ್ತದೆ. ಆ ನೋಟವನ್ನು ಅರಿತು ಕೈಯನ್ನು ಹಗುರ ಮಾಡಬಲ್ಲವರು ಮಾತನಾಡುವವರ ನೋವನ್ನೂ ಅರಿಯಬಲ್ಲರು.