ಹನ್ನೊಂದನೆಯ ತಾಸು

2004ರ ಜನವರಿಯಲ್ಲಿ ನಾನು ತಾಂಜಾನಿಯಾ ದೇಶದ ಮೋಶಿ ಪಟ್ಟಣದ ಸಮೀಪದ ಪ್ರೌಢಶಾಲೆಯೊಂದಕ್ಕೆ ಅಧ್ಯಾಪಕನಾಗಿ ಹೋದೆ. ಅಲ್ಲಿ ಶಾಲಾವರ್ಷ ತೆರೆಯುವುದೇ ಜನವರಿಯಲ್ಲಿ. ಹಿಂದಿನ ದಿನ ಶಾಲೆಯ ಕಾವಲುಗಾರನನ್ನು ವಿಚಾರಿಸಿದಾಗ ಆತ ‘ಸಾ ಮೋಜಾ’ ಎಂದ. ಪುಸ್ತಕ ನೋಡಿ ಸ್ವಾಹಿಲಿ ಅಂಕಿಗಳನ್ನು ಆಗಷ್ಟೇ ಕಲಿತಿದ್ದ ನಾನು, ‘ಒಂದು ಗಂಟೆ’ ಎಂದು ಅರ್ಥ ಮಾಡಿಕೊಂಡು ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಹೋಗಿ ನಿಂತೆ. ಅಷ್ಟರಲ್ಲಿ ಮಕ್ಕಳು ಬಹುಪಾಲು ಪಾಠಗಳನ್ನು ಮುಗಿಸಿದ್ದರು. ಸ್ವಾಹಿಲಿ ಜನರ ಹಗಲು ಸೂರ್ಯೋದಯದಿಂದ ಆರಂಭವಾಗುತ್ತದೆ. ನಮ್ಮ ಬೆಳಗಿನ ಏಳು ಗಂಟೆಯೇ ಅವರ ಒಂದನೆಯ ತಾಸು, ಸಂಜೆಯ ಐದು ಗಂಟೆಯೇ ಹನ್ನೊಂದನೆಯ ತಾಸು. ಶುಭಸಂದೇಶದ ಕಾಲದ ಜನರೂ ಹಗಲನ್ನು ಹೀಗೆಯೇ ಎಣಿಸುತ್ತಿದ್ದರೆಂದು ಗುರುಮಠದಲ್ಲಿ ಓದಿದ್ದ ನನಗೆ, ಅದು ಬದುಕಿನಲ್ಲಿ ಎದುರಾದಾಗ ಹೊಳೆಯಲೇ ಇಲ್ಲ!

ಕ್ರಮೇಣ ಆ ಊರು ನನಗೆ ಒಗ್ಗಿತು. ಹಾಸನ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಕಿಲಿಮಂಜಾರೋ ಪರ್ವತದ ತಪ್ಪಲಿನ ಕಾಫಿ ಗಿಡಗಳೂ ಬಾಳೆಯ ತೋಟಗಳೂ ಹೊಸತೆನಿಸಲಿಲ್ಲ. 5,895 ಮೀಟರ್ ಎತ್ತರದ ಆ ಶಿಖರ ಬೆಳಗಿನ ಹೊತ್ತು ಹಿಮ ಹೊತ್ತು ಕಾಣಿಸಿ, ಬಿಸಿಲೇರುತ್ತಿದ್ದಂತೆ ಮೋಡದಲ್ಲಿ ಮರೆಯಾಗುತ್ತಿತ್ತು. ಮಧ್ಯಾಹ್ನದ ಊಟ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮತ್ತು ಬೇಯಿಸಿದ ಹುರುಳಿಕಾಯಿ ಬೀಜ. ಮುದ್ದೆ ಉಂಡು ಬೆಳೆದವನಿಗೆ ಉಗಾಲಿ ಕಷ್ಟವೇ? ಭಾಷೆಯಲ್ಲಿಯೂ ಅಲ್ಲಲ್ಲಿ ನೆಂಟರು ಸಿಕ್ಕರು. ಹಿಸಾಬಿಗೆ ಅವರು ‘ಹೆಸಾಬು’ ಎನ್ನುತ್ತಾರೆ, ಸಾಬೂನಿಗೆ ‘ಸಬೂನಿ’, ದುಕಾನಿಗೆ ‘ದುಕಾ’. ಹಿಂದೂ ಮಹಾಸಾಗರದ ಆಚೀಚೆ ವ್ಯಾಪಾರದ ಹಡಗುಗಳು ಓಡಾಡಿದ ಗುರುತುಗಳಿವು.

ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ತುಂಬಿದ್ದು ಅಲ್ಲಿನ ಜನ ಅಧ್ಯಾಪಕನಿಗೆ ತೋರುವ ಗೌರವ. ತರಗತಿಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ಎದ್ದು ‘ಶಿಕಾಮೋ, ಮ್ವಾಲಿಮು’ ಎನ್ನುತ್ತಿದ್ದರು. ‘ಮ್ವಾಲಿಮು’ ಎಂದರೆ ಗುರು. ‘ಶಿಕಾಮೋ’ ಎಂಬುದರ ಮೂಲಾರ್ಥ ‘ನಿಮ್ಮ ಪಾದ ಹಿಡಿದೆ’ ಎಂದು ಹೇಳುತ್ತಾರೆ. ‘ಮರಹಬಾ’ ಎಂದು ಉತ್ತರಿಸಿದ ಮೇಲೆಯೇ ಪಾಠ. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರು ರಾಜಕೀಯಕ್ಕೆ ಬರುವ ಮುನ್ನ ಕಥೋಲಿಕ ಶಾಲೆಗಳಲ್ಲಿ ಅಧ್ಯಾಪಕರಾಗಿದ್ದವರು. 1999ರಲ್ಲಿ ತೀರಿಕೊಂಡ ಅವರನ್ನು ಜನ ಇಂದಿಗೂ ‘ಮ್ವಾಲಿಮು’ ಎಂದೇ ಸ್ಮರಿಸುತ್ತಾರೆ. ಅಂತಹ ಹೆಸರಿನಿಂದ ನನ್ನನ್ನೂ ಕರೆಯುತ್ತಿದ್ದರು. ಆ ಹೆಸರಿಗೆ ನಾನು ತಕ್ಕವನಾಗಿರಲಿಲ್ಲ ಎಂಬುದನ್ನು ಹೇಳಲೆಂದೇ ಈ ಬರಹ.

ಆಗ ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಏಳು ವರ್ಷಗಳ ಕಲಿಕೆಯೆಲ್ಲ ಸ್ವಾಹಿಲಿಯಲ್ಲಿತ್ತು. ಪ್ರೌಢಶಾಲೆಯ ಹೊಸ್ತಿಲು ದಾಟಿದೊಡನೆ ಎಲ್ಲವೂ ಇಂಗ್ಲಿಷ್. 2014ರ ಶಿಕ್ಷಣ ನೀತಿ ಸ್ವಾಹಿಲಿಗೂ ಅವಕಾಶ ನೀಡಿತಾದರೂ ಪ್ರೌಢಶಾಲೆಯಲ್ಲಿ ಇಂಗ್ಲಿಷೇ ಮುಂದುವರಿದಿದೆ. ನಾನು ಭೌತವಿಜ್ಞಾನ ಕಲಿಸುತ್ತಿದ್ದೆ. ಮೊದಲ ವರ್ಷದ ತರಗತಿಯಲ್ಲಿ ಏನು ಕೇಳಿದರೂ ಮೌನ. ಹಲಗೆಯ ಮೇಲೆ ಬರೆದುದನ್ನೆಲ್ಲ ಮುತ್ತಿನಂತಹ ಅಕ್ಷರಗಳಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ‘ಅರ್ಥವಾಯಿತೇ?’ ಎಂದರೆ ಒಕ್ಕೊರಲಿನಿಂದ ‘ಯೆಸ್’ ಎನ್ನುತ್ತಿದ್ದರು. ಬಿಡಿಬಿಡಿಯಾಗಿ ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಇವರಿಗೆ ಕಲಿಯುವ ಮನಸ್ಸೇ ಇಲ್ಲ ಎಂದು ನಾನು ತೀರ್ಮಾನಿಸಿದ್ದೆ.

ಒಂದು ದಿನ, ಕಬ್ಬಿಣದ ಮೊಳೆ ಮುಳುಗುವಾಗ ಕಬ್ಬಿಣದ ಹಡಗು ಏಕೆ ತೇಲುತ್ತದೆ ಎಂದು ಹಿಂದಿನ ಸಾಲಿನ ಹುಡುಗನೊಬ್ಬನನ್ನು ಕೇಳಿದೆ. ಆತ ಎದ್ದು ನಿಂತ. ತುಟಿ ಅಲುಗಿತು, ಮಾತು ಬರಲಿಲ್ಲ. ಹಿಂದಿನ ದಿನವಷ್ಟೇ ಅದನ್ನು ಎರಡು ಸಲ ವಿವರಿಸಿದ್ದೆ. ತಾಳ್ಮೆ ತಪ್ಪಿ, ‘ಕಲಿಯಲು ಮನಸ್ಸಿಲ್ಲದಿದ್ದರೆ ಮನೆಗೆ ಹೋಗಿ ಆಡು ಮೇಯಿಸು’ ಎಂದು ಇಂಗ್ಲಿಷಿನಲ್ಲಿ ಗದರಿದೆ. ಮರುದಿನ ಆತ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನ್ನ ಇಂಗ್ಲಿಷಿನಲ್ಲಿ ಅವನಿಗೆ ಪೂರ್ತಿಯಾಗಿ ಅರ್ಥವಾದ ಮೊದಲ ವಾಕ್ಯ ಬಹುಶಃ ಅದೇ ಇರಬೇಕು.

ನಾಲ್ಕನೆಯ ದಿನ ಶಾಲೆ ಮುಗಿದ ಮೇಲೆ ಬಾಳೆತೋಟಗಳ ನಡುವಿನ ಕಾಲುದಾರಿಯಲ್ಲಿ ಅವನ ಮನೆ ಹುಡುಕುತ್ತ ಹೋದೆ. ಅಂಗಳದಲ್ಲಿ ಹುಡುಗ ಪಾತ್ರೆ ತೊಳೆಯುತ್ತಿದ್ದ. ಪಕ್ಕದಲ್ಲಿ ಪುಟ್ಟ ತಂಗಿ. ನೀರು ತುಂಬಿದ ಬಕೆಟ್ಟಿನ ಮೇಲೆ ‘ಸುಫುರಿಯಾ’ ಎಂದು ಕರೆಯುವ ಅಗಲ ಬಾಯಿಯ ಪಾತ್ರೆಯನ್ನು ತೇಲಿಬಿಟ್ಟು, ಅದನ್ನು ಅಂಗೈಯಿಂದ ಒತ್ತುತ್ತಿದ್ದ. ನೀರು ಬಕೆಟ್ಟಿನ ಅಂಚಿನಿಂದ ಹೊರಚೆಲ್ಲಿತು. ಕೈ ತೆಗೆದ, ಪಾತ್ರೆ ಮೇಲೆದ್ದಿತು. ಆಮೇಲೆ ಒಂದು ಚಮಚ ಹಾಕಿದ, ಮುಳುಗಿತು. ಪಾತ್ರೆ ಹೆಚ್ಚು ನೀರನ್ನು ಸರಿಸುತ್ತದೆ, ಚಮಚ ಸರಿಸುವುದು ಸ್ವಲ್ಪವೇ ಎಂದು ತಂಗಿಗೆ ಸ್ವಾಹಿಲಿಯಲ್ಲಿ ಹೇಳುತ್ತಿದ್ದುದು ನನ್ನ ಅರೆಬರೆ ಸ್ವಾಹಿಲಿಗೂ ತಿಳಿಯಿತು. ನಾನು ಹಲಗೆಯ ಮೇಲೆ ಬರೆದಿದ್ದ ಆರ್ಕಿಮಿಡೀಸನ ತತ್ತ್ವವನ್ನು ಆತ ತನ್ನ ಅಂಗಳಕ್ಕೆ ತಂದಿದ್ದ.

ಬೇಲಿಯಾಚೆ ನಿಂತಿದ್ದ ನನಗೆ ಹದಿಮೂರು ವರ್ಷದ ಇನ್ನೊಬ್ಬ ಹುಡುಗ ನೆನಪಾದ. ಹಳ್ಳಿಯ ಕನ್ನಡ ಶಾಲೆಯಿಂದ ಕಿರಿಯ ಗುರುಮಠಕ್ಕೆ ಬಂದು, ಇಂಗ್ಲಿಷಿನ ಪಾಠಗಳ ನಡುವೆ ತಿಂಗಳುಗಟ್ಟಲೆ ಬಾಯಿ ತೆರೆಯದೆ ಕುಳಿತಿದ್ದವನು. ರಾತ್ರಿ ಊಟದ ನಂತರ ಹಿರಿಯ ಗುರುಗಳೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು, ‘ಮೊದಲು ಕನ್ನಡದಲ್ಲಿ ಹೇಳು ಮಗು’ ಎನ್ನದಿದ್ದರೆ ನಾನು ಅಂದೇ ಊರಿಗೆ ಹಿಂದಿರುಗುತ್ತಿದ್ದೆ. ಇಪ್ಪತ್ತು ವರ್ಷಗಳಲ್ಲಿ ಅದನ್ನು ಮರೆತಿದ್ದೆನಲ್ಲ!

ನನ್ನನ್ನು ಕಂಡು ಹುಡುಗ ಧಡಕ್ಕನೆ ಎದ್ದು, ಒದ್ದೆ ಕೈಗಳಿಂದಲೇ ‘ಶಿಕಾಮೋ, ಮ್ವಾಲಿಮು’ ಎಂದ. ‘ಮರಹಬಾ’ ಎನ್ನಲು ನಾಲಗೆ ಏಳಲಿಲ್ಲ. ‘ನಿಸಾಮೆಹೆ’ ಎಂದೆ, ಕ್ಷಮಿಸು ಎಂದು. ಒಳಗಿನಿಂದ ಬಂದ ಅವನ ಅಜ್ಜಿ ‘ಕರೀಬು’ ಎಂದು ಬರಮಾಡಿಕೊಂಡು ಚಹಾ ಕೊಟ್ಟರು. ಏಕೆ ಬಂದಿರಿ ಎಂದು ಕೇಳಲಿಲ್ಲ.

ಮರುವಾರದಿಂದ ಸಂಜೆ ಐದಕ್ಕೆ, ಅವರ ಲೆಕ್ಕದ ಹನ್ನೊಂದನೆಯ ತಾಸಿಗೆ, ಹತ್ತಿರದ ಮಕ್ಕಳನ್ನು ಮರದಡಿ ಸೇರಿಸತೊಡಗಿದೆ. ಮೊದಲು ಅವರು ಸ್ವಾಹಿಲಿಯಲ್ಲಿ ಹೇಳಬೇಕು, ಆಮೇಲೆ ಎಲ್ಲರೂ ಕೂಡಿ ಇಂಗ್ಲಿಷಿಗೆ ತರಬೇಕು. ನನ್ನ ಸ್ವಾಹಿಲಿಯ ತಪ್ಪುಗಳಿಗೆ ಅವರು ಬಿದ್ದು ಬಿದ್ದು ನಗುತ್ತಿದ್ದರು; ನಗುತ್ತಲೇ ಅವರ ಭಯವೂ ಹೋಯಿತು. ಇದರಿಂದ ಎಲ್ಲರೂ ಗೆದ್ದರೆಂದು ಹೇಳಲಾರೆ. ನಾಲ್ಕನೆಯ ವರ್ಷದ ರಾಷ್ಟ್ರೀಯ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಿತ್ತು. ಆ ಹುಡುಗ ತೇರ್ಗಡೆಯಾದ. ತಿಳಿದಿದ್ದೂ ಬರೆಯಲಾಗದೆ ಸೋತವರೂ ಇದ್ದರು. ಇನ್ನೊಂದು ನೋವೂ ಉಳಿದಿದೆ. ಆ ಮೊದಲ ತಿಂಗಳುಗಳಲ್ಲಿ ಸದ್ದಿಲ್ಲದೆ ಶಾಲೆ ಬಿಟ್ಟ ಹುಡುಗಿಯೊಬ್ಬಳಿದ್ದಳು. ಅವಳನ್ನು ನಾನು ಗದರಿರಲಿಲ್ಲ. ಆದ್ದರಿಂದ ಹುಡುಕಿಕೊಂಡೂ ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ, ಅಷ್ಟೇ.

ದ್ರಾಕ್ಷಿತೋಟದ ಸಾಮತಿಯಲ್ಲಿ ಹನ್ನೊಂದನೆಯ ತಾಸಿನವರೆಗೂ ಸಂತೆಯಲ್ಲಿ ನಿಂತವರನ್ನು ಸೋಮಾರಿಗಳೆಂದು ನಾನು ಬಹುಕಾಲ ಭಾವಿಸಿದ್ದೆ. ತಮ್ಮನ್ನು ಯಾರೂ ಕರೆಯಲಿಲ್ಲ ಎಂದು ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದದ್ದು ಆ ಮರದಡಿಯಲ್ಲಿ. ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಕನ್ನಡ ಶಾಲೆಯಿಂದ ಇಂಗ್ಲಿಷಿಗೆ ದಾಟುತ್ತ, ಪುಸ್ತಕದ ಮುಂದೆ ಮಾತಿಲ್ಲದೆ ಕುಳಿತಿರುವ ಮಕ್ಕಳಿದ್ದಾರೆ. ದಡ್ಡನೆಂದು ಹೇಳುವ ಮುನ್ನ ಪಕ್ಕದಲ್ಲಿ ಕುಳಿತು, ‘ನಿನ್ನ ಮಾತಿನಲ್ಲಿ ಹೇಳು ಮಗು’ ಎಂದು ಒಮ್ಮೆ ಕೇಳೋಣ.